ಹೂ ಬೀಳದ ಅಮಾಸಿ

"ಅವ್ವಾ, ದೊಡ್ಡವ್ವ ಸಂಡಿಗಿ ಆಗ್ಯಾಳೇನು?"

ಸಾವಿ ಇದನ್ನು ಕೇಳಿದ್ದು ವೈಶಾಖದ ಒಂದು ಮಧ್ಯಾಹ್ನ. ನಾನು ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದೆ. ಐದು ವರ್ಷದ ಮಗಳು ಹೊಸ್ತಿಲ ಮೇಲೆ ನಿಂತು ಬಾಜೂ ಮನೆಯ ಕಡೆ ಬೆರಳು ಮಾಡಿದ್ದಳು. ಅಲ್ಲಿ ಮಲ್ಲಕ್ಕ ತನ್ನ ಮನೆ ಮುಂದಿನ ಹಾಸುಗಲ್ಲಿನ ಮೇಲೆ ಬೋರಲು ಮಲಗಿದ್ದಳು. ಮುಂಜಾನೆಯಿಂದ ಕಾದ ಕಲ್ಲು ಅದು, ಬರಿಗಾಲಲ್ಲಿ ನಿಂತರೆ ಕುಣಿಯಬೇಕು. ಅವಳ ಪಕ್ಕದಲ್ಲೇ ಹಳೇ ಸೀರೆ ಹಾಸಿ ಸಂಡಿಗೆ ಇಟ್ಟಿದ್ದಳು. ಹಾಗಾಗಿ ಮಗಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

"ಹಂಗನಬಾರದು. ಆಕಿಗೆ ಹೊಟ್ಟಿ ನೋಯಾಕತ್ತೈತಿ. ಕಲ್ಲಿನ ಕಾವ ತಗೊಳ್ಳಾಕತ್ತಾಳ."

"ಹೊಟ್ಟಿ ನೋವಾದ್ರ ಅಜವಾನ ತಿನ್ನಬೇಕು. ಯಾಕ ಒಣಗತಾಳ?"

ಮಲ್ಲಕ್ಕನಿಗೆ ಕೇಳಿಸಿತು. ತಲೆ ಎತ್ತದೆ ಕಲ್ಲಿಗೇ ಹೇಳುವಂತೆ ಹೇಳಿದಳು: "ಹೌದಬೇ ಸಾವಿ. ಒಂದ ಮಗ್ಗಲಾ ಒಣಗೇತಿ, ಇನ್ನೊಂದ ಉಳದೈತಿ. ಸಂಜೀಕ ನಿಮ್ಮವ್ವಗ ಎಣ್ಣಿ ಕಾಸಂತ ಹೇಳು, ಕರದ ತಿನ್ನೂಣು."

ಸಾವಿ ನಕ್ಕಳು, ಅಂಜಿದಳು, ಒಳಗೆ ಓಡಿದಳು. ನನಗೆ ಮಾತ್ರ ಮೊರ ಆಡಿಸುವ ಕೈ ನಿಂತಿತು. ಮಗುವಿಗೆ ಏನೋ ಒಂದು ಹೇಳಬಹುದು. ದೊಡ್ಡವರು ಕೇಳಿದರೆ? ಚೀಲ ತೆಗೆಸಿ ಎರಡು ವರ್ಷವಾದ ಮೇಲೂ ಇವಳ ಹೊಟ್ಟೆ ತಿಂಗಳಿಗೊಮ್ಮೆ ಯಾಕೆ ನೋಯುತ್ತದೆ ಅಂತ ಓಣಿಯವರು ಕೇಳಿದರೆ ನಾನು ಏನು ಹೇಳಬೇಕು? ನಮ್ಮ ಕುಬಿಹಾಳದಲ್ಲಿ ಗರ್ಭಕೋಶಕ್ಕೆ ಚೀಲ ಅಂತಲೇ ಅನ್ನುವುದು. ಚೀಲ ತೆಗೆಸಿದವಳಿಗೆ ಆ ಜಾತಿಯ ನೋವೆಲ್ಲ ಮುಗಿಯಿತು ಅಂತಲೇ ಎಲ್ಲರ ಲೆಕ್ಕ.

ಮಲ್ಲಕ್ಕನಿಗೂ ಅದೇ ಲೆಕ್ಕವಿತ್ತು.

ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಅವಳನ್ನು ಮೊದಲು ನೋಡಿದ್ದು ಅವರ ಮನೆ ಹಿತ್ತಲ ತಗಡಿನ ಕೆಳಗೆ. ಗೋಣಿಚೀಲ ಹಾಸಿಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಅವಳದೇ ತಂಬಿಗೆ, ಅವಳದೇ ತಾಟು. ನಾನು ಮಾತಾಡಿಸಲು ಹೋದರೆ "ಬಾಜೂಕ ಬರಬ್ಯಾಡವಾ, ಹೊರಗಾಗೇನಿ" ಅಂದಳು. ನಾಲ್ಕು ದಿನ ಬಿಟ್ಟು ನೋಡಿದರೂ ಅಲ್ಲೇ. ವಾರ ಬಿಟ್ಟು ನೋಡಿದರೂ ಅಲ್ಲೇ. ಅವಳಿಗೆ ಮುಟ್ಟು ಬಂದರೆ ಹೋಗುತ್ತಲೇ ಇರಲಿಲ್ಲ. ಹೋಯಿತು ಅಂತ ಮಿಂದು ಒಳಗೆ ಬಂದು ಒಲೆ ಹಚ್ಚಿದರೆ ಮರುದಿನ ಮತ್ತೆ ಶುರು. ನೋವಂತೂ ಸೊಂಟದಿಂದ ತೊಡೆಗೆ ಇಳಿದು ಕಾಲು ಎಳೆಯುತ್ತಿತ್ತು. ಆ ವರ್ಷಗಳಲ್ಲಿ ಅವರ ಮನೆಯ ಹಬ್ಬದ ಅಡುಗೆಯನ್ನೆಲ್ಲ ಅವಳ ನಾದಿನಿ ಬಂದು ಮಾಡಿದ್ದಾಳೆ. ಒಬ್ಬಳೇ ಮಗಳು ಸುನೀತಾಳನ್ನು ಅಣ್ಣಿಗೇರಿಗೆ ಮದುವೆ ಮಾಡಿ ಕೊಟ್ಟಾಗ ಹಂದರ ಹಾಕಿದ್ದು ಮನೆ ಮುಂದೆ, ಮಲ್ಲಕ್ಕ ಕುಳಿತಿದ್ದು ಮನೆ ಹಿಂದೆ. ಅಕ್ಕಿಕಾಳು ಬೀಳುವ ಹೊತ್ತಿಗೆ ವಾಲಗದ ಸಪ್ಪಳ ಕೇಳಿಸಿತಂತೆ. "ಸಪ್ಪಳ ಮ್ಯಾಲಿಂದ ಗೊತ್ತಾತು, ಮಗಳು ಮಂದಿ ಪಾಲಾದ್ಲು ಅಂತ" ಎಂದು ಒಮ್ಮೆ ನನಗೆ ಹೇಳಿದ್ದಳು. ಅಳಲಿಲ್ಲ. ಅವರೇಕಾಯಿ ಸುಲಿಯುತ್ತ ಹೇಳಿದಳು.

ಆಮೇಲೆ ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ರಕ್ತ ನಿಂತಿತು. ಮಲ್ಲಕ್ಕ ಎದ್ದು ಓಡಾಡುವಂತಾದ ಕೂಡಲೇ ಮಾಡಿದ ಮೊದಲ ಕೆಲಸ, ಸಂಶಿಗೆ ಹೋಗಿ ಬಿಳೀ ಮೈಯ ಸೀರೆ ತಂದಿದ್ದು. ಬಿಳಿಯ ಮೇಲೆ ಸಣ್ಣ ನೀಲಿ ಹೂ. ಮದುವೆಯಾದ ಮೇಲೆ ತಿಳಿ ಬಣ್ಣದ ಸೀರೆಯನ್ನೇ ಅವಳು ಉಟ್ಟಿರಲಿಲ್ಲ. ಅದನ್ನುಟ್ಟು ಓಣಿ ತುಂಬ ತಿರುಗಿದಳು. ಅವಳ ಗಂಡ ಬಸವಣ್ಣೆಪ್ಪ ಕುರಿ ಹಟ್ಟಿಯಿಂದ ಬಂದವನು ಬಾಗಿಲಲ್ಲೇ ನಿಂತು, "ಯಾರಬೇ ನೀ? ನಮ್ಮನಿಗೆ ಟೀಚರ್ ಬಂದಂಗ ಆತಲ್ಲ" ಅಂದಿದ್ದನಂತೆ.

ಬೀರಪ್ಪನ ಗುಡಿಯಿಂದ ಕರೆ ಬಂದಿದ್ದು ಅದರ ಮುಂದಿನ ತಿಂಗಳು.

ನಮ್ಮೂರಲ್ಲಿ ಅಮಾಸಿ ದಿನ ಎತ್ತು ಹೂಡುವುದಿಲ್ಲ. ಬೀರಪ್ಪನ ಗುಡಿಯಲ್ಲಿ ಪ್ರಸಾದ ಇರುತ್ತದೆ. ಬಂದವರಿಗೆಲ್ಲ ಹೋಳಿಗೆ, ಬೇಳೆ ಬಸಿದ ನೀರಿನಲ್ಲಿ ಮಾಡಿದ ಕಟ್ಟಿನ ಸಾರು, ಅನ್ನ, ಬದನೆಕಾಯಿ ಪಲ್ಯ. ಆ ಒಲೆಯನ್ನು ಮುಟ್ಟು ನಿಂತ ಹೆಂಗಸರೇ ಮುಟ್ಟಬೇಕು, ಅದು ಹಿಂದಿನಿಂದ ಬಂದ ರೀತಿ. ಮೊದಲು ಮುದುಕಿಯರು ಮಾಡುತ್ತಿದ್ದರು. ಅವರ ಮೊಣಕಾಲು ಹೋದವು. ಈಗ ಆಪರೇಶನ್ ಆದವರು ಮಾಡುತ್ತಾರೆ. ಮಲ್ಲಕ್ಕನನ್ನು ಸೇರಿಸಿ ನಾಲ್ಕು ಮಂದಿ. ಆ ನಾಲ್ವರಲ್ಲಿ ಬಾಯಿ ಜೋರಿನ ಫಕೀರವ್ವ ತಮಗೆ ತಾವೇ ಒಂದು ಹೆಸರಿಟ್ಟುಕೊಂಡಿದ್ದಾಳೆ: ಚೀಲ ಇಲ್ಲದವರ ಸಂಘ. "ಮಹಿಳಾ ಸಂಘದಾಗ ಸಾಲ ಸಿಗತೈತಿ, ನಮ್ಮ ಸಂಘದಾಗ ಹೋಳಿಗಿ" ಅನ್ನುತ್ತಾಳೆ.

ಪೂಜಾರಿ ಲಕ್ಷ್ಮಪ್ಪ ಕಾಯಿ ಹಿಡಿದು ಮಲ್ಲಕ್ಕನ ಮನೆಗೇ ಬಂದಿದ್ದ. "ನೀ ಈಗ ಯಾವಾಗಲೂ ಮಡಿಯಾಕಿ, ನಮ್ಮ ಒಲಿಗೆ ಬಾ" ಅಂದ. ಹಿತ್ತಲಲ್ಲಿ ಕುಳಿತು ಕುಳಿತು ಹಬ್ಬ ಕಳೆದವಳಿಗೆ ಇದಕ್ಕಿಂತ ದೊಡ್ಡ ಮಾತು ಏನಿದೆ? ಮೊದಲ ಅಮಾಸಿಗೆ ಫಕೀರವ್ವನ ಕೈಕೆಳಗೆ ಬೆಲ್ಲ ಕುಟ್ಟಿದಳು. ವರ್ಷ ತಿರುಗುವುದರೊಳಗೆ ಹೂರಣದ ಕೊಪ್ಪರಿಗೆಯ ಮುಂದೆ ಅವಳೇ. ಬೇಳೆ ಬೆಂದದ್ದನ್ನು ಬೆರಳಲ್ಲಿ ಹಿಚುಕಿ ನೋಡುತ್ತಾಳೆ, "ಇಳಸ್ರಿ" ಅನ್ನುತ್ತಾಳೆ, ಉಳಿದವರು ಇಳಿಸುತ್ತಾರೆ. ಬೆಂಕಿಯ ಬೆಳಕಲ್ಲಿ ಆ ನೀಲಿ ಹೂವಿನ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿರುತ್ತಾಳೆ. ಊಟಕ್ಕೆ ಕುಳಿತ ಗಂಡಸರು "ಹೂರಣ ಯಾರದು?" ಅಂತ ಕೇಳುವುದು, "ಮಲ್ಲಕ್ಕಂದು" ಅಂತ ಯಾರೋ ಹೇಳುವುದು, ಇದನ್ನು ಅವಳು ಒಳಗಿಂದ ಕಿವಿಗೊಟ್ಟು ಕೇಳುತ್ತಾಳೆ. ನಾನೇ ನೋಡಿದ್ದೇನೆ.

ನೋವು ಮರಳಿ ಬಂದಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಾಗಿದ್ದು ಅವರ ಪಾತ್ರೆ ತಿರುಗಿ ಕೊಡಲು ಹೋದಾಗ. ಬಾಗಿಲು ತೆರೆದೇ ಇತ್ತು. ಮಲ್ಲಕ್ಕ ನೆಲದ ಮೇಲೆ ಮೊಣಕಾಲು ಹೊಟ್ಟೆಗೆ ಒತ್ತಿ, ಸೆರಗು ಹಲ್ಲಲ್ಲಿ ಕಚ್ಚಿ ಬಿದ್ದಿದ್ದಳು. ಬಸವಣ್ಣೆಪ್ಪ ಒಲೆಯ ಮುಂದೆ ಕುಳಿತು ಹಂಚಿನ ಮೇಲೆ ಉಪ್ಪು ಹುರಿಯುತ್ತಿದ್ದ. ಬಿಸಿ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅವಳ ಸೊಂಟಕ್ಕೆ ಒತ್ತಿದ. ನನ್ನನ್ನು ನೋಡಿ ನಾಚಿಕೊಂಡು ಎದ್ದು, "ಕುರಿ ಮಾರಿ ಬಂದ ಮ್ಯಾಲೂ ಹಟ್ಟ್ಯಾಗ ಬ್ಯಾ ಅಂದಂಗ ಆಗೇತಿ ನೋಡವಾ ಇಕಿ ಬ್ಯಾನಿ" ಅಂದು ಹೊರಗೆ ಹೋದ.

"ಯಾವಾಗಿಂದ ಅಕ್ಕಾ?"

"ಆಪರೇಶನ್ ಆಗಿ ಆರ ತಿಂಗಳಿಗೆ ಶುರುವಾತು. ತಿಂಗಳಾ ಬರತೈತಿ. ಆ ದಿನಾ ಹೊರಕಡಿಗೆ ಹೋಗಾಕೂ ಜೀವ ಹೋಗತೈತಿ." ನನ್ನ ಕೈ ಹಿಡಿದಳು. "ಅರುಣಾ, ಯಾರಿಗೂ ಅನಬ್ಯಾಡ. ನನಗ ಮುಟ್ಟು ನಿಂತಿಲ್ಲ. ಒಳಗ ಆಗಾಕತ್ತೇನಿ. ಹೊರಗ ಬರಾಕ ಬಾಗಲಾ ಇಲ್ಲ ಅಷ್ಟ."

ಆಗ ನನಗೆ ಪೂರ್ತಿ ಅರ್ಥವಾಯಿತು. ಅವಳಿಗೆ ನೋವಿಗಿಂತ ಹೆಚ್ಚಿನ ಹೆದರಿಕೆ ಆ ಒಲೆಯದು. ಒಳಗೊಳಗೇ ಮುಟ್ಟಾಗುತ್ತಿದ್ದೇನೆ ಅಂತ ತಿಳಿದೂ ದೇವರ ಒಲೆ ಮುಟ್ಟುತ್ತಿದ್ದೇನೆ ಅನ್ನುವ ಅಳುಕು ಒಂದು ಕಡೆ. ಇದು ಗೊತ್ತಾದರೆ ಮತ್ತೆ ಹಿತ್ತಲ ತಗಡಿನ ಕೆಳಗೆ ಕೂಡಿಸುತ್ತಾರೆ ಅನ್ನುವ ಭಯ ಇನ್ನೊಂದು ಕಡೆ.

ಅಲ್ಲಿಯವರೆಗೆ ಅವಳು ತನಗೆ ತಾನೇ ಒಂದು ಸಮಾಧಾನ ಹೇಳಿಕೊಂಡಿದ್ದಳು. ನೋವು ಬರುತ್ತಿದ್ದುದು ಅಮಾಸಿ ಮುಗಿದು ಎಷ್ಟೋ ದಿನಕ್ಕೆ. ಇನ್ನೊಂದು ಅಮಾಸಿ ಬರುವಷ್ಟರಲ್ಲಿ ಎಲ್ಲ ಸರಿ, ತಲೆ ಮೇಲೆ ನೀರು ಹಾಕಿಕೊಂಡು ಒಲೆ ಮುಂದೆ ಹೋದರೆ ದೋಷವಿಲ್ಲ. ಆದರೆ ಅವಳ ತಿಂಗಳು ಅಮಾಸಿಯ ತಿಂಗಳಿಗಿಂತ ಸಣ್ಣದು. ಪ್ರತಿ ಸಲ ಒಂದೆರಡು ದಿನ ಹಿಂದಕ್ಕೆ ಜರುಗಿ ಜರುಗಿ ನೋವು ಅಮಾಸಿಯ ಹತ್ತಿರ ಬರುತ್ತಿತ್ತು. "ಮಣ್ಣೆತ್ತಿನ ಅಮಾಸಿಗೆ ಅಗದಿ ಮ್ಯಾಲೇ ಬೀಳತೈತಿ" ಅಂದಳು. ಮಣ್ಣೆತ್ತಿನ ಅಮಾಸಿ ನಮ್ಮಲ್ಲಿ ದೊಡ್ಡದು. ಊರಿಗೆ ಊರೇ ಊಟಕ್ಕೆ ಬರುತ್ತದೆ.

"ಮೊದಲ ಡಾಕ್ಟರಿಗೆ ತೋರಸೂಣು. ಬೀರಪ್ಪಂದು ಆಮ್ಯಾಲ ನೋಡೂಣು" ಅಂದೆ. ನನಗೆ ಹೊಳೆದದ್ದು ಅಷ್ಟೇ.

ಮುಂದಿನ ವಾರ ಹುಬ್ಬಳ್ಳಿಗೆ ಹೊರಟೆವು. ನಾನು, ಮಲ್ಲಕ್ಕ, ಸಾವಿ. ರೊಟ್ಟಿ ಕಟ್ಟಿಕೊಂಡೆ, ಶೇಂಗಾ ಚಟ್ನಿ, ಮಗಳಿಗೊಂದು ಜೋಡಿ ಬಟ್ಟೆ, ಮಲ್ಲಕ್ಕನಿಗೆ ಕೂರಲು ಮೆತ್ತಗಿನ ಒಂದು ದಿಂಬು. ದಿಂಬು ನೋಡಿ ಅವಳು ನಕ್ಕಳು. ಸಂಶಿ ದಾಟಿದ ಮೇಲೆ ರಸ್ತೆ ಕುಲುಕಲು ಶುರುಮಾಡಿದಾಗ ತಾನೇ ಕೇಳಿ ತೆಗೆದುಕೊಂಡಳು.

ಡಾಕ್ಟರಬಾಯಿ ವಯಸ್ಸಾದವರು, ಮಾತಿನಲ್ಲಿ ಅವಸರವಿಲ್ಲ. ಹಳೆಯ ಕಾಗದ ನೋಡಿದರು, ಪರೀಕ್ಷೆ ಮಾಡಿದರು, ಸ್ಕ್ಯಾನ್ ಮಾಡಿಸಿದರು. ಆಮೇಲೆ ನಮ್ಮಿಬ್ಬರನ್ನೂ ಎದುರಿಗೆ ಕೂಡಿಸಿಕೊಂಡರು.

"ಚೀಲಾ ತಗದಿದ್ದು ಸರಿ ಐತ್ರಿ, ರಕ್ತ ಹೋಗೂದು ನಿಂತೈತಿ. ಆದ್ರ ನಿಮ್ಮ ಬ್ಯಾನಿ ಬರೇ ಚೀಲದಾಗ ಇದ್ದಿಲ್ಲ. ಚೀಲದ ಒಳಗ ಒಂದ ಪದರು ಇರತೈತಿ ನೋಡ್ರಿ, ಅಂಥಾದ್ದ ಪದರು ಕೆಲವರಿಗೆ ಚೀಲದ ಹೊರಗೂ ಬೆಳೀತೈತಿ. ಕರುಳಿನ ಮ್ಯಾಲ, ಅಂಡಾಶಯದ ಮ್ಯಾಲ, ಅಲ್ಲಲ್ಲಿ ಹತ್ತಿಕೊಂಡಿರತೈತಿ. ಅಂಡಾಶಯ ಉಳಿಸ್ಯಾರ, ನಿಮ್ಮ ವಯಸ್ಸಿಗೆ ಅವು ಬೇಕು. ಅವು ತಿಂಗಳಾ ತಮ್ಮ ಕೆಲಸಾ ಮಾಡ್ತಾವು. ಆವಾಗ ಈ ಪದರು ಬಾತು ನೋಯ್ತಾವು. ಇದಕ್ಕ ಎಂಡೊಮೆಟ್ರಿಯಾಸಿಸ್ ಅಂತಾರ."

"ಅಬಾಬಾ, ಬಸ್ಸಿನ ಬೋರ್ಡಿನ ಮ್ಯಾಲೂ ಹಿಡಿಯಂಗಿಲ್ಲರಿ ಆ ಹೆಸರು" ಅಂದಳು ಮಲ್ಲಕ್ಕ. ಆಮೇಲೆ ಯೋಚಿಸಿ, "ನಮ್ಮ ಹೊಲದಾಗ ಕರಕಿ ಹುಲ್ಲ ಇದ್ದಂಗ ಆತಿದು. ಹೊಲಾ ಪೂರಾ ಹರಗಿದ್ವಿ. ಬದುವಿನ ಮ್ಯಾಲ ಹಬ್ಬಿದ್ದ ಹಂಗ ಉಳೀತು."

"ಅಗದಿ ಬರೋಬರಿ. ಹಂಗ ತಿಳಕೋರಿ."

"ಪೂರಾ ಹೋಗತೈತೇನ್ರಿ?"

"ಸುಳ್ಳ ಹೇಳಂಗಿಲ್ಲ. ದಿನಾ ಒಂದ ಹೊತ್ತಿಗೆ ಒಂದ ಗುಳಿಗಿ ತಗೋರಿ. ಎರಡ ಮೂರ ತಿಂಗಳ ಹಿಡೀತೈತಿ, ಆಮ್ಯಾಲ ನೋವು ಹಿಡತಕ್ಕ ಬರತೈತಿ. ಗುಳಿಗಿಗೆ ಬಗ್ಗದಿದ್ರ ಮುಂದ ಮತ್ತ ಆಪರೇಶನ್ ವಿಚಾರ ಮಾಡೂಣು. ಭಾರ ಎತ್ತಬ್ಯಾಡ್ರಿ. ನೋವಿನ ದಿನಾ ಬಿಸಿ ಶಾಖ ತಗೋರಿ, ಹಲ್ಲ ಕಚ್ಚಿ ಸುಮ್ಮ ಕುಂದರಬ್ಯಾಡ್ರಿ."

ನಾನು ಗುಳಿಗೆಯ ಹೊತ್ತು, ತಿರುಗಿ ಬರುವ ದಿನ ಎಲ್ಲ ಕೇಳಿಕೊಂಡು ಎದ್ದೆ. ಮಲ್ಲಕ್ಕ ಏಳಲಿಲ್ಲ. ಸೆರಗಿನ ತುದಿ ತಿರುವುತ್ತ ಕುಳಿತಿದ್ದಳು.

"ಬಾಯಾರ, ಒಂದ ಕೇಳ್ತೀನ್ರಿ. ಆ ನೋವಿನ ದಿನದಾಗ ನಾ ಹೊರಗಾದಂಗೋ, ಇಲ್ಲೋ?"

ಡಾಕ್ಟರಬಾಯಿ ನಗಲು ಹೋದರು. ಅವಳ ಮುಖ ನೋಡಿ ನಗಲಿಲ್ಲ. "ಇಲ್ಲರಿ. ಅದು ಮುಟ್ಟಲ್ಲ, ಬ್ಯಾನಿ. ಮೊಣಕಾಲ ನೋಯ್ತೈತಿ ಅಂದ್ರ ದೇವರಿಗೆ ಅಡಗಿ ಮಾಡೂದು ಬಿಡ್ತಾರೇನು? ಇದೂ ಹಂಗ."

ಬಸ್ಸಿನಲ್ಲಿ ಸಾವಿ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಮಲ್ಲಕ್ಕ ಕಿಟಕಿಯ ಆಚೆ ಬಿತ್ತನೆಗೆ ಹದವಾದ ಎರೆ ಹೊಲಗಳನ್ನು ನೋಡುತ್ತ ಬಂದಳು. ಊರು ಹತ್ತಿರವಾದಾಗ ಹೇಳಿದಳು:

"ಡಾಕ್ಟರಬಾಯಿ ನನ್ನ ಹೊಟ್ಟಿ ನೋಡ್ಯಾರ. ಬೀರಪ್ಪನ್ನ ನೋಡಿಲ್ಲಲಾ."

ಮಣ್ಣೆತ್ತಿನ ಅಮಾಸಿಗೆ ಗುಳಿಗೆ ಶುರುವಾಗಿ ತಿಂಗಳು ತುಂಬಿತ್ತಷ್ಟೇ. ನೋವು ಹೇಳಿದ ಹಾಗೆಯೇ ಹಿಂದಿನ ದಿನ ಸಂಜೆ ಬಂತು. ಮೊದಲಿನಷ್ಟು ಇರಲಿಲ್ಲ, ಆದರೆ ಇತ್ತು. ನಾನು ಅವಳಿಗೆ ಹಾಲು ಬಿಸಿ ಮಾಡಿ ಕೊಟ್ಟೆ, ಗುಳಿಗೆ ಕೊಟ್ಟೆ, ನನಗೆ ತೋಚಿದ ಬುದ್ಧಿಯನ್ನೂ ಕೊಟ್ಟೆ.

"ಅಕ್ಕಾ, ನಾಳೆ ಯಾರಾರ ಕೇಳಿದ್ರ ಸೊಂಟಾ ಹಿಡಕೊಂಡೈತಿ ಅನ್ನು. ಎಲ್ಲಾರ ಸೊಂಟಾನೂ ಹಿಡಕೋತಾವು. ಮುಗೀತು."

"ಸೊಂಟಂತ ಹೇಳ್ಲಿ?"

"ಹೂಂ."

"ಎಷ್ಟ ಅಮಾಸಿ ಹೇಳ್ಲಿ?" ಹಾಲಿನ ಲೋಟ ಕೆಳಗಿಟ್ಟಳು. "ಊರ ಮಂದಿ ನನ್ನ ಕೈಯಾಗಿಂದು ತಿಂತಾರ ಅರುಣಾ. ನಾ ಇಷ್ಟ ದಿನಾ ಇದು ಏನಂತ ಗೊತ್ತಿಲ್ಲದ ಹೋದ್ನಿ, ಅದು ಬ್ಯಾರೆ. ಈಗ ಹೆಸರೂ ಗೊತ್ತಾಗೇತಿ. ಹೇಳೇ ಹೋಗ್ತೀನಿ."

"ಬ್ಯಾಡ ಅಂದ್ರ?"

"ಬ್ಯಾಡ ಅಂದ್ರ ತಗಡಿನ ಬುಡಕ ಕುಂದ್ರೂದು ರೂಢಿ ಐತಲ್ಲ ನನಗ" ಅಂದಳು. ನಗುತ್ತ ಅಂದಳು, ಆದರೆ ಗುಳಿಗೆ ನುಂಗಿ ಉಳಿದ ಹಾಲನ್ನು ಹಾಗೇ ಬಿಟ್ಟಳು.

ಬೆಳಿಗ್ಗೆ ಸಣ್ಣ ಜಿಟಿಜಿಟಿ. ಗುಡಿಯ ಅಂಗಳದಲ್ಲಿ ಊರ ಹುಡುಗರೆಲ್ಲ ಎರೆಮಣ್ಣು ಕಲಸಿ ಎತ್ತು ಮಾಡುತ್ತ ಕುಳಿತಿದ್ದರು. ಸಾವಿಯೂ ಅವರೊಳಗೆ. ಅವಳ ಎತ್ತಿಗೆ ಐದು ಕಾಲು ಬಂದಿದ್ದವು. ನಾನು ಗುಡಿಯ ಹೊರ ಪಡಸಾಲೆಯಲ್ಲಿ ಎಲೆ ಒರೆಸುತ್ತ ಕುಳಿತೆ. ಅಲ್ಲಿಂದ ಎಡಕ್ಕೆ ಅಡುಗೆಮನೆಯ ಬಾಗಿಲು, ಎದುರಿಗೆ ದೇವರು, ಎರಡೂ ಕಾಣುತ್ತವೆ.

ಸಂಘದ ನಾಲ್ವರೂ ಬಂದಿದ್ದರು. ಲಕ್ಷ್ಮಪ್ಪ ದೇವರ ದೀಪದಿಂದ ಎಣ್ಣೆಬಟ್ಟೆಯ ಕಾಕಡ ಹೊತ್ತಿಸಿಕೊಂಡು ಒಲೆ ಹಚ್ಚಲು ಬರುತ್ತಿದ್ದ. ಮಲ್ಲಕ್ಕ ಅಡುಗೆಮನೆಯ ಹೊಸ್ತಿಲ ಈಚೆಯೇ ನಿಂತಳು. ಅದೇ ನೀಲಿ ಹೂವಿನ ಸೀರೆ. ಒಂದು ಕೈ ಗೋಡೆಯ ಮೇಲೆ.

"ಒಳಗ ಬಾ ಬೇ. ಅಳಿಯನ ಮನಿಗೆ ಬಂದಂಗ ನಿಂತೀಯಲ್ಲ" ಅಂದಳು ಫಕೀರವ್ವ.

"ತಡಿ ಫಕೀರಿ. ಮೊದಲ ಒಂದ ಮಾತೈತಿ."

ಹೇಳಿದಳು. ನೋವು ತಿಂಗಳಾ ಬರುವುದು, ಹುಬ್ಬಳ್ಳಿಗೆ ಹೋಗಿದ್ದು, ಡಾಕ್ಟರು ಹೇಳಿದ್ದು, ಹೊಲ, ಕರಕಿ, ಬದು, ಎಲ್ಲ. ಎಲ್ಲೂ ತಡವರಿಸಲಿಲ್ಲ. ಕಡೆಗೆ, "ಇವತ್ತ ನೋವು ಐತಿ. ರಕ್ತ ಇಲ್ಲ. ಬರೂದೂ ಇಲ್ಲ. ಒಲಿ ಮುಟ್ಲೋ ಬ್ಯಾಡೋ ನೀವ ಹೇಳ್ರಿ" ಅಂದಳು.

ಲಕ್ಷ್ಮಪ್ಪನ ಕೈಯಲ್ಲಿ ಕಾಕಡ ಉರಿಯುತ್ತಲೇ ಇತ್ತು. ಹೆಂಗಸರ ಈ ಮಾತು ಅವನ ಮುಂದೆ ಯಾರೂ ಇಷ್ಟು ಬಿಚ್ಚಿ ಆಡಿರಲಿಕ್ಕಿಲ್ಲ. ದೇವರ ಕಡೆ ನೋಡಿದ, ನೆಲದ ಕಡೆ ನೋಡಿದ.

"ಹೊರಗ ಕಾಣವಲ್ದು ಖರೆ. ಆದ್ರ ಹೊಟ್ಟ್ಯಾಗ ಇದ್ರೂ ಇದ್ದಂಗ ಅಲ್ಲೇನವಾ?"

ಫಕೀರವ್ವ ಅವನ ಅಣ್ಣನ ಹೆಂಡತಿ. ವೈನಿಯ ಸಲುಗೆಯಿಂದ ಒಳಗಿಂದಲೇ ಕೂಗಿದಳು: "ಹೊಟ್ಟ್ಯಾಗ ಇದ್ದದ್ದನ್ನ ಲೆಕ್ಕಾ ಹಿಡದ್ರ ಈ ಗುಡಿಗೆ ಒಬ್ಬರೂ ಬರಂಗಿಲ್ಲೋ ಲಕ್ಷ್ಮಪ್ಪಾ. ನಿನ್ನಿ ಸಂತಿಂದ ಬರಬೇಕಾದ್ರ ನಿನ್ನ ಹೊಟ್ಟ್ಯಾಗ ಏನಿತ್ತು, ಹೇಳ್ಲೇನು?"

ಅಂಗಳದಲ್ಲಿದ್ದ ಗಂಡಸರು ಹೋ ಎಂದು ನಕ್ಕರು. ಲಕ್ಷ್ಮಪ್ಪ ಕೆಂಪಾದ. "ನೀ ಸುಮ್ಕಿರ ವೈನಿ. ನಾ ಆಗೂದಿಲ್ಲ ಅಂದಿಲ್ಲ. ನನಗ ತಿಳಿಯಂಗಿಲ್ಲ ಅಂದ್ನಿ. ತಿಳಿಯದಿದ್ದದ್ದನ್ನ ದೇವರಿಗೆ ಕೇಳೂಣು."

ನಮ್ಮ ಗುಡಿಯಲ್ಲಿ ಹಾಗೆ ಕೇಳುವ ರೀತಿ ಇದೆ. ಮಗಳಿಗೆ ಗಂಡು ಗೊತ್ತು ಮಾಡುವಾಗ, ಬಾವಿ ತೋಡುವಾಗ ಕೇಳುತ್ತಾರೆ. ಲಕ್ಷ್ಮಪ್ಪ ಕಣಗಿಲ ಹೂವಿನ ಎರಡು ಎಸಳು ನೀರಲ್ಲಿ ಅದ್ದಿ ಬೀರಪ್ಪನ ಮೂರ್ತಿಯ ಬಲಕ್ಕೊಂದು, ಎಡಕ್ಕೊಂದು ಅಂಟಿಸಿದ. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಒಲ್ಲೆ. ಅಷ್ಟರೊಳಗೆ ಒಲೆ ತಡವಾಗಬಾರದು ಅಂತ ಫಕೀರವ್ವ ಕಾಕಡ ಇಸಿದುಕೊಂಡು ಬೆಂಕಿ ಹಚ್ಚಿ ಕೊಪ್ಪರಿಗೆಗೆ ಬೇಳೆ ಸುರಿದಳು.

ಮಲ್ಲಕ್ಕ ದೇವರ ಎದುರು ನೆಲದ ಮೇಲೆ ಕುಳಿತಳು. ಮಡಿಲಲ್ಲಿ ಕೈ ಮಡಿಚಿ ಆ ಎರಡು ಎಸಳನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಎಲೆ ಒರೆಸುವುದು ಬಿಟ್ಟು ಹೋಗಿತ್ತು. ಬಸವಣ್ಣೆಪ್ಪ ಕಂಬಳಿ ಹೊದ್ದು ಕಂಬದ ಹಿಂದೆ ನಿಂತಿದ್ದ. ಅವನ ತುಟಿ ಅಲ್ಲಾಡುತ್ತಿತ್ತು, ದೇವರನ್ನು ಬೇಡುತ್ತಿದ್ದನೋ ಬೈಯುತ್ತಿದ್ದನೋ ತಿಳಿಯಲಿಲ್ಲ.

ಎಸಳು ಬೀಳಲಿಲ್ಲ. ಮಳೆಯ ಥಂಡಿಗೆ ಕಲ್ಲೇ ಬೆವೆತಿತ್ತು, ಅವೆರಡೂ ಸರೇಸು ಹಾಕಿ ಅಂಟಿಸಿದಂತೆ ಕುಳಿತಿದ್ದವು. ಲಕ್ಷ್ಮಪ್ಪ ಗಂಟೆ ಬಾರಿಸಿದ. ಇನ್ನೊಮ್ಮೆ ಬೇಡಿಕೊಂಡ. ಮಳೆ ನಿಂತು ಮತ್ತೆ ಶುರುವಾಯಿತು. ಮಲ್ಲಕ್ಕನ ಹಣೆಯ ಮೇಲೆ ನೋವಿನ ಬೆವರು ಕಾಣಿಸಿತು. ಸಾವಿ ಮಣ್ಣು ಕೈಯಲ್ಲೇ ಬಂದು ನನ್ನ ಕಿವಿಯಲ್ಲಿ ಕೇಳಿದಳು, "ಅವ್ವಾ, ಎಲ್ಲಾರೂ ಏನ ನೋಡಾಕತ್ತಾರ?" ನಾನು ಸುಮ್ಮನೆ ಅವಳ ಬಾಯಿ ಮೇಲೆ ಬೆರಳಿಟ್ಟೆ.

ಅಡುಗೆಮನೆಯಿಂದ ಸುರ್ರ್ ಎಂದು ಸಪ್ಪಳ. ಬೇಳೆ ಉಕ್ಕಿ ಒಲೆಗೆ ಸುರಿದು ಬಾಗಿಲ ತುಂಬ ಹೊಗೆ.

"ಮಲ್ಲಕ್ಕಾ!" ಫಕೀರವ್ವನ ಕೂಗು ಊರಾಚೆ ಕೇಳುವಂತಿತ್ತು. "ಬ್ಯಾಳಿ ಉಕ್ಕಿ ಒಲಿ ಆರಾಕತ್ತೈತಿ. ಕಟ್ಟ ಬಸೀಬೇಕೋ ಇನ್ನೂ ಬೇಯಸಬೇಕೋ? ಬಂದ ಹೇಳತೀಯೋ, ಅಲ್ಲೇ ಹೂವಿಗೆ ಕಾವಲಾ ಕುಂದರತೀಯೋ? ಮಂದಿಗೆ ಏನ ನೀಡ್ಲಿ, ಹೊಗೀ ನೀಡ್ಲೇನು?"

ಮಲ್ಲಕ್ಕ ಎಸಳುಗಳ ಕಡೆ ಒಮ್ಮೆ ನೋಡಿದಳು. ಎರಡೂ ಇದ್ದಲ್ಲೇ ಇದ್ದವು. ನೆಲಕ್ಕೆ ಕೈಯೂರಿ ಎದ್ದಳು. ಎದ್ದ ಮೇಲೆ ಒಂದು ಗಳಿಗೆ ಸೊಂಟ ಹಿಡಿದು ನಿಂತಳು. ದೇವರಿಗೆ ಕೈ ಮುಗಿದು, "ನೀ ಸಾವಕಾಶ ಹೇಳಪ್ಪಾ. ಬ್ಯಾಳಿ ತಡಿಯಂಗಿಲ್ಲ" ಅಂದು ಹೊಸ್ತಿಲು ದಾಟಿ ಒಳಗೆ ಹೋದಳು.

ಲಕ್ಷ್ಮಪ್ಪ ಏನೋ ಹೇಳಲು ಬಾಯಿ ತೆರೆದ. ಹೊಗೆ ಬಂತು. ಕೆಮ್ಮಿ ಬಾಯಿ ಮುಚ್ಚಿದ.

ಒಳಗೆ ಅವಳು ಬೆರಳಲ್ಲಿ ಬೇಳೆ ಹಿಚುಕುವುದು ನನಗೆ ಕಾಣಿಸಿತು. "ಇಳಸ್ರಿ" ಅಂದಳು. ಎರಡು ದಿಂಡು ಕಟ್ಟಿಗೆ ಒಂದರ ಮೇಲೊಂದು ಇಟ್ಟು, ಫಕೀರವ್ವ ಬದಲಿಸಲು ತಂದಿದ್ದ ಸೀರೆಯ ಗಂಟನ್ನು ಅದರ ಮೇಲಿಟ್ಟು ಕುಳಿತಳು. ಆ ಇಡೀ ಅಡುಗೆಯನ್ನು ಕುಳಿತೇ ಮಾಡಿದಳು. ಹೊಟ್ಟೆಗೆ ಒಲೆಯ ಕಾವು. ಕುಳಿತು ಮಾಡಿದ್ದಕ್ಕೆ ಹೋಳಿಗೆಗೆ ಏನೂ ಆಗಲಿಲ್ಲ.

ಊಟದ ಪಂಕ್ತಿಯಲ್ಲಿ ಯಾರೂ ಏನೂ ಅನ್ನಲಿಲ್ಲ ಅಂದರೆ ಸುಳ್ಳಾಗುತ್ತದೆ. ಎರಡು ಮನೆಯ ಹೆಂಗಸರು ಉಣ್ಣದೆ ಎದ್ದು ಹೋದರು. ಒಬ್ಬಾಕೆ ಹೋಗುವಾಗ ಮಕ್ಕಳ ಕೈ ಹಿಡಿದು ಎಳೆದುಕೊಂಡು ಹೋದಳು. ಆದರೆ ಉಳಿದವರು ಉಂಡರು. ಯಾರೋ ರೂಢಿಯಂತೆ "ಹೂರಣ ಯಾರದು?" ಅಂತ ಕೇಳಿದರು. ಬಸವಣ್ಣೆಪ್ಪ ಎಲೆಯಿಂದ ತಲೆ ಎತ್ತದೆ, "ನನ್ನ ಹೇಣ್ತಿದು. ಇನ್ನೊಂದ ಹಾಕ್ರಿ" ಅಂದ.

ಮರುದಿನ ಹೋಗಿ ನೋಡಿದರೂ ಎಸಳು ಬಿದ್ದಿರಲಿಲ್ಲವಂತೆ. ಲಕ್ಷ್ಮಪ್ಪ ತಾನೇ ಅವನ್ನು ತೆಗೆದು ಮೂರ್ತಿ ತೊಳೆದ. ಮುಂದಿನ ವಾರ ಕುರಿ ಮೇಯಿಸುವ ಹುಲ್ಲುಗಾವಲಿನ ಕಡೆ ಅವನು ಸಿಕ್ಕಾಗ ಬಸವಣ್ಣೆಪ್ಪ, "ಏನಂತಾನೋ ನಿಮ್ಮ ಬೀರಪ್ಪ?" ಅಂತ ಕೇಳಿದನಂತೆ. ಲಕ್ಷ್ಮಪ್ಪ ಬಹಳ ವಿಚಾರ ಮಾಡಿ ಹೇಳಿದ ಮಾತನ್ನು ಮಲ್ಲಕ್ಕ ನನಗೆ ಅವನ ದನಿಯಲ್ಲೇ ಮಾಡಿ ತೋರಿಸಿದಳು: "ಎರಡೂ ಬಿದ್ದಿಲ್ಲ ಅಂದ್ರ, ಹೆಣ್ಣಮಕ್ಕಳ ಈ ಮಾತಿನ್ಯಾಗ ನಾ ಬರಂಗಿಲ್ಲ ಅಂತಾನ ನಮ್ಮಪ್ಪ."

ಈಗ ಗುಳಿಗೆ ಶುರುವಾಗಿ ಮೂರು ತಿಂಗಳು ದಾಟಿದೆ. ನೋವು ಪೂರಾ ಹೋಗಿಲ್ಲ. ಕೆಲವು ದಿನ ಹೊಟ್ಟೆ ಬಿಗಿಯುತ್ತದೆ, ಕಾಲು ಎಳೆಯುತ್ತದೆ, ಆಗ ಮಲಗುತ್ತಾಳೆ. ಮಲಗಿದರೆ ಮಲಗಿದೆ ಅಂತ ಹೇಳುತ್ತಾಳೆ. ಸೆರಗು ಕಚ್ಚಿ ಬಿದ್ದದ್ದನ್ನು ನಾನು ಮತ್ತೆ ನೋಡಿಲ್ಲ. ಗುಳಿಗೆಯನ್ನು ಸಂಜೆ ಕುರಿಗಳು ಹಟ್ಟಿಗೆ ಬರುವ ಹೊತ್ತಿಗೆ ತೆಗೆದುಕೊಳ್ಳುತ್ತಾಳೆ. ಕುರಿ ಬಂದವೆಂದರೆ ಬಸವಣ್ಣೆಪ್ಪ ಓಣಿಯ ಆ ತುದಿಯಿಂದಲೇ "ಕರಕಿ ಔಷಧಾ!" ಅಂತ ಕೂಗುತ್ತಾನೆ. ಓಣಿಗೆಲ್ಲ ಈಗ ಅದರ ಹೆಸರು ಗೊತ್ತು. ಕಳೆದ ವಾರ ಆಚೆ ಓಣಿಯ ಶಮೀಮಾಬಿ ತನ್ನ ಸೊಸೆಯನ್ನು ಕರೆದುಕೊಂಡು ಬಂದು, "ಮಲ್ಲಕ್ಕ, ಇಕಿಗೂ ಹಂಗ ಆಗತೈತಂತ, ಆ ಡಾಕ್ಟರಬಾಯಿ ಎಲ್ಲಿರ್ತಾರ?" ಎಂದು ಕೇಳಿ ಹೋದಳು. ಉಣ್ಣದೆ ಎದ್ದು ಹೋದ ಎರಡು ಮನೆಯವರಲ್ಲಿ ಒಂದು ಮನೆಯವರು ಹೋದ ಅಮಾಸಿಗೆ ಬಂದರು. ಇನ್ನೊಂದು ಮನೆಯವರು ಬಂದಿಲ್ಲ. ಮಲ್ಲಕ್ಕ ಅವರ ಪಾಲಿನ ಹೋಳಿಗೆಯನ್ನು ಮಕ್ಕಳ ಕೈಯಲ್ಲಿ ಕಳಿಸಿದಳು, ಅದು ತಿರುಗಿ ಬರಲಿಲ್ಲ.

ಮೊನ್ನೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಮಲ್ಲಕ್ಕ ಬಂದು ಬಾಗಿಲಿಗೆ ಒರಗಿ ಕುಳಿತಳು. ಬಿಸಿ ರೊಟ್ಟಿಯೊಂದನ್ನು ಮುರಿದು ಅರ್ಧ ಸಾವಿಗೆ ಕೊಟ್ಟಳು, ಅರ್ಧ ತಾನು ತಿಂದಳು. ಏನೋ ಹೇಳಲು ಬಂದಿದ್ದಾಳೆ ಅಂತ ಗೊತ್ತಾಯಿತು. ಇನ್ನೆರಡು ರೊಟ್ಟಿ ಆದವು.

"ಅರುಣಾ, ಕುಂತ ಅಡಗಿ ಮಾಡೂದು ಚಲೋ ರೂಢಿ ಆತು. ಆದ್ರ ಕೊಪ್ಪರಿಗಿ ಬಗ್ಗಸಿ ಕಟ್ಟ ಬಸಿಯೂದು ಐತಲ್ಲ, ಅದು ಆಗವಲ್ದು. ಭಾರ ಎತ್ತಬ್ಯಾಡ ಅಂದಾರ. ಫಕೀರಿಗೆ ಕೈ ನಡಗತಾವು, ಹೋದ ಅಮಾಸಿಗೆ ಕಾಲ ಮ್ಯಾಲ ಚಲ್ಲಿಕೊಳ್ತಿದ್ಲು. ಉಳಿದಿಬ್ಬರಿಗೆ ನನಗಿಂತ ವಯಸ್ಸಾಗೇತಿ."

"ಗಂಡಸರು ಯಾರಾರ ಎತ್ತಿ ಕೊಟ್ರ?"

"ಅವರು ಬ್ಯಾಳಿನೂ ಚಲ್ತಾರ. ನೀ ಬಾ."

ನಾನು ರೊಟ್ಟಿ ತಿರುವಿ ಹಾಕುವುದನ್ನು ಮರೆತೆ. ಸಾವಿ "ಅವ್ವಾ, ಸೀದೈತಿ" ಅಂದಳು.

"ಅಕ್ಕಾ, ನನ್ನ ಚೀಲಾ ಇನ್ನೂ ಐತಿ."

"ಇರವಲ್ದ್ಯಾಕ. ಅದನ್ನೇನ ಕೊಪ್ಪರಿಗ್ಯಾಗ ಹಾಕ್ತೀಯೇನು?" ಕಿಸಕ್ಕನೆ ನಕ್ಕಳು. ಆಮೇಲೆ ನಗು ನಿಂತಿತು. ಎದ್ದು ಬಂದು ನನ್ನ ಪಕ್ಕದಲ್ಲಿ ಒಲೆಯ ಮುಂದೆ ಕುಳಿತು, ಸೀದ ರೊಟ್ಟಿಯನ್ನು ತಾನೇ ಹಂಚಿನಿಂದ ತೆಗೆದಳು. "ಲಕ್ಷ್ಮಪ್ಪಗ ನಾ ಹೇಳ್ತೀನಿ. ಆಂವ ಇನ್ನೊಮ್ಮಿ ಹೂ ಹಚ್ಚೂ ಧೈರ್ಯಾ ಮಾಡಂಗಿಲ್ಲ. ನಿನ್ನ ದಿನಾ ಬಿದ್ರ ಬರೂದು ಬಿಡೂದು ನಿನಗ ಬಿಟ್ಟದ್ದು, ನಾ ಕೇಳಂಗಿಲ್ಲ. ನನಗೋಸ್ಕರ ಇಷ್ಟ ಮಾಡವಾ. ಬರೂ ಅಮಾಸಿಗೆ ಒಳಗ ಬಂದು, ಆ ಕೊಪ್ಪರಿಗಿ ಬಗ್ಗಸೂ ಹೊತ್ತಿಗೆ ನನ್ನ ಬಾಜೂಕ ನಿಂದರು."